ತರನ್ನುಮ್ ಮೇಡಂ ಗಾಡಿ ಸೋರಿದ್ದು

ಮೆಕ್ಯಾನಿಕ್ ಜಮೀರನ ಕೈಗೆ ಬಂದ ಗಾಡಿ ಸರಿಯಾಗದೆ ವಾಪಸ್ ಹೋಗಿದ್ದಿಲ್ಲ ಎಂದು ಕೊಡಿಗೇಹಳ್ಳಿಯ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ, ಆದರೆ ಕೊನೆಗೆ 'ಒಂದು ಬಿಟ್ಟು' ಎಂದು ಸೇರಿಸಿ ಮುಸಿಮುಸಿ ನಗುತ್ತಾರೆ. ಆ ಒಂದು ಅಂದರೆ ತರನ್ನುಮ್ ಮೇಡಂ ಅವರ ಬಿಳಿ ಕಾರು. ಜನಕ್ಕೇನು ಬಿಡಿ, ಇನ್ನೊಬ್ಬರ ಪೇಚಾಟ ಅಂದರೆ ಸಂಜೆ ಕಾಫಿಗಿಂತ ರುಚಿ.

ಕಾರು ಸಣ್ಣದು, ಹಳೆಯದು. ಆ ಮಾದರಿ ಈಗ ಮಾರುಕಟ್ಟೆಯಲ್ಲೇ ಇಲ್ಲ. ಅದರ ಗೇರ್‌ಬಾಕ್ಸಿನಿಂದ ಮುಂದಿನ ಎರಡು ಚಕ್ರಗಳಿಗೆ ಎರಡು ಉಕ್ಕಿನ ದಂಡಗಳು ಹೋಗುತ್ತವೆ. ಗ್ಯಾರೇಜಿನವರು ಅದಕ್ಕೆ ಆಕ್ಸಲ್ ಅನ್ನುತ್ತಾರೆ. ಆ ದಂಡ ಗೇರ್‌ಬಾಕ್ಸಿನಿಂದ ಹೊರಗೆ ಬರುವ ಕಡೆ ಕೂಸಿನ ಬಳೆಯಷ್ಟು ದೊಡ್ಡ ರಬ್ಬರ್ ಸೀಲೊಂದು ಕೂತಿರುತ್ತದೆ. ಒಳಗಿನ ಎಣ್ಣೆ ಒಳಗೇ ಇರಬೇಕು, ಅಷ್ಟೇ ಅದರ ಕೆಲಸ. ಅಷ್ಟು ಕೆಲಸವನ್ನೂ ಈ ಕಾರಿನ ಸೀಲುಗಳು ಮಾಡಲೊಲ್ಲವು. ಜಮೀರ್ ಹೊಸದು ಹಾಕುತ್ತಾನೆ, ಕೆಲವು ವಾರ ಗಾಡಿ ಸುಮ್ಮನಿರುತ್ತದೆ, ಆಮೇಲೆ ಮತ್ತೆ ತೊಟ್ಟಿಕ್ಕಲು ಶುರು. ಎಡಗಡೆ ನಿಂತರೆ ಬಲಗಡೆ, ಬಲಗಡೆ ನಿಂತರೆ ಎಡಗಡೆ. ಒಳ್ಳೆಯ ಸೀಲು ಹುಡುಕಿಕೊಂಡು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿ ಬಂದ. ಆಕ್ಸಲನ್ನೇ ಬದಲಾಯಿಸಿ ನೋಡಿದ. ಊಹೂಂ, ಗಾಡಿ ಜಪ್ಪಯ್ಯ ಅಂದರೂ ಕೇಳಲಿಲ್ಲ.

ಜಮೀರನದೊಂದು ಪದ್ಧತಿ ಇತ್ತು. ಎಣ್ಣೆ ಸೋರುವ ಯಾವ ಗಾಡಿಯನ್ನು ರಿಪೇರಿ ಮಾಡಿದರೂ ಗಾಡಿಯವರ ಕೈಗೆ ಒಂದು ರಟ್ಟಿನ ತುಂಡು ಕೊಟ್ಟು, "ರಾತ್ರಿ ಗಾಡಿ ಕೆಳಗೆ ಹಾಸಿ. ಕಲೆ ಬಿದ್ರೆ ರಟ್ಟು ತಗೊಂಡ್ ಬನ್ನಿ" ಅನ್ನುತ್ತಿದ್ದ. ತಂದ ರಟ್ಟನ್ನು ಮೂಗಿಗೆ ಹಿಡಿದು ಇದು ಇಂಜಿನ್ನಿನದು, ಇದು ಗೇರಿನದು, ಇದು ಬ್ರೇಕಿನದು ಎಂದು ಹೇಳುತ್ತಿದ್ದ. ಹೆಚ್ಚಿನವರು ರಟ್ಟನ್ನು ದಾರಿಯಲ್ಲೇ ಎಸೆದು ಹೋಗುತ್ತಿದ್ದರು. ತರನ್ನುಮ್ ಮೇಡಂ ಎಸೆಯುತ್ತಿರಲಿಲ್ಲ. ಹುಣಸಮಾರನಹಳ್ಳಿಯ ಸ್ಕೂಲಿನಲ್ಲಿ ಶನಿವಾರದ ಅರ್ಧ ದಿನ ಮುಗಿಸಿ, ಆರ್.ಟಿ. ನಗರದ ಮನೆಗೆ ಹೋಗುವ ದಾರಿಯಲ್ಲಿ ಏರ್‌ಪೋರ್ಟ್ ರಸ್ತೆಯಿಂದ ಒಳಗೆ ತಿರುಗಿ ಬಂದು, ರಟ್ಟನ್ನು ಪರೀಕ್ಷೆಯ ಪೇಪರಿನಂತೆ ಅವನ ಮುಂದೆ ಹಿಡಿಯುತ್ತಿದ್ದರು.

"ಜಮೀರ್ ಸಾಹೇಬ್ರೇ, ಮತ್ತೆ ಫೇಲ್."

"ಇನ್ನೊಂದ್ಸಲ ಬರೀತೀನಿ ಮೇಡಂ, ಒಂದ್ ಚಾನ್ಸ್ ಕೊಡಿ."

ಇಷ್ಟಕ್ಕೆ ಮೇಡಂ ನಗುತ್ತಿದ್ದರು. ಆ ನಗುವಿಗೆ ಜಮೀರನ ಇಡೀ ವಾರ ಸಾರ್ಥಕ. ಐವತ್ತು ದಾಟಿದ ಗಂಡಸು ಒಂದು ನಗುವಿಗಾಗಿ ವಾರವಿಡೀ ಕಾಯುವುದೇ ಎಂದು ನೀವು ಕೇಳಬಹುದು. ಕಾಯುತ್ತಾನೆ ಕಣ್ರೀ. ಇಪ್ಪತ್ತರವನು ಕಾಯುವುದಕ್ಕಿಂತ ಹೆಚ್ಚು ಕಾಯುತ್ತಾನೆ. ಶನಿವಾರ ಬಂತೆಂದರೆ ಜಮೀರ್ ಗಡ್ಡ ತೀಡಿಕೊಂಡು ಬರುತ್ತಿದ್ದ. ಮಧ್ಯಾಹ್ನವಾಗುವ ಹೊತ್ತಿಗೆ ಸೋಪಿನ ಪುಡಿ ಹಾಕಿ ಉಗುರಿನ ಸಂದಿಯ ಮಸಿ ಉಜ್ಜುತ್ತಿದ್ದ. ಅದನ್ನು ನೋಡಿ ಪಕ್ಕದ ಖಾನಾವಳಿಯ ನೀಲಕ್ಕ ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು. ಆಕೆ ಬಾಗಲಕೋಟೆ ಕಡೆಯವಳು, ಮಾತನ್ನು ಮುಚ್ಚಿಟ್ಟು ಗೊತ್ತಿಲ್ಲ.

"ಏನ ಜಮೀರಣ್ಣ, ಊರಾಗಿನ ಗಾಡಿ ಎಲ್ಲಾ ನೆಟ್ಟಗಾಗ್ತಾವ. ಅಕ್ಕೋರ ಗಾಡಿ ಒಂದ ಯಾಕ ಆಗವಲ್ದು? ನೀನ ಬೇಕಂತ ಸೋರಸಾಕತ್ತೀಯೇನ?"

"ಸುಮ್ನಿರವ್ವ, ನನ್ ಮರ್ಯಾದೆ ತೆಗೀಬೇಡ" ಎಂದು ಜಮೀರ್ ಕೈಮುಗಿಯುತ್ತಿದ್ದ. ಬೇಕೆಂದು ಸೋರಿಸುವಷ್ಟು ಧೈರ್ಯ ಅವನಿಗೆಲ್ಲಿ! ಪಾಪ, ಪ್ರತಿ ಸಲವೂ ಪ್ರಾಮಾಣಿಕವಾಗಿಯೇ ಹಾಕುತ್ತಿದ್ದ, ಪ್ರತಿ ಸಲವೂ ಸೋತು ತಲೆ ಕೆರೆದುಕೊಳ್ಳುತ್ತಿದ್ದ.

ಅವರಿಬ್ಬರ ಮನೆಮಾತೂ ದಖ್ಖನಿ ಉರ್ದುವೇ. ಆದರೂ ಗ್ಯಾರೇಜಿನಲ್ಲಿ ಇಬ್ಬರೂ ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಮೇಡಂ ಕನ್ನಡ ಟೀಚರು, ಅದಕ್ಕೇ ಇರಬೇಕು ಎಂದು ಜನ ಅಂದುಕೊಂಡಿದ್ದರು. ಸಂಗತಿ ಬೇರೆ. ಮನೆಮಾತಿಗೆ ಇಳಿದರೆ ಅವರ ಜನರ ರೂಢಿಯಂತೆ ಆಕೆಯನ್ನು 'ಆಪಾ' ಅನ್ನಬೇಕು, ಅಂದರೆ ಅಕ್ಕ. ಒಮ್ಮೆ ಬಾಯ್ತುಂಬ ಅಕ್ಕ ಅಂದಮೇಲೆ ಮನಸ್ಸಿನಲ್ಲಿ ಬೇರೆ ಆಸೆ ಇಟ್ಟುಕೊಳ್ಳುವುದು ಜಮೀರನಂಥವನಿಂದ ಆಗುವ ಮಾತಲ್ಲ. ಹಾಗಾಗಿ ಮೊದಲ ದಿನವೇ 'ಬನ್ನಿ ಮೇಡಂ' ಎಂದುಬಿಟ್ಟಿದ್ದ. ಮೇಡಮ್ಮೂ ಅಷ್ಟೇ. ಬೀದಿಗೆಲ್ಲ ಅವನು ಜಮೀರ್ ಭಾಯ್, ಆಕೆಗೆ ಮಾತ್ರ 'ಸಾಹೇಬ್ರು'. ಆಕೆ ಭಾಯ್ ಅನ್ನುವುದಿಲ್ಲ ಎಂಬುದನ್ನು ಅವನು ಎಂದೋ ಗಮನಿಸಿ, ಹಾಸಿಗೆಯಲ್ಲಿ ಮಲಗಿ ಅದನ್ನೇ ತಿರುವಿ ಹಾಕಿ ನೋಡಿದ್ದ. ಅದಕ್ಕೊಂದು ಅರ್ಥ ಇರಬಹುದು. ಅಥವಾ ಟೀಚರುಗಳ ಬರೀ ಮರ್ಯಾದೆಯೂ ಇರಬಹುದು. ಕೇಳುವುದು ಹೇಗೆ?

ಅವನ ಹೆಂಡತಿ ದಿಲ್ಶಾದ್ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಜೊತೆ ಮಾತಾಡುವವರೇ ಇರಲಿಲ್ಲ. ಮಕ್ಕಳಿರಲಿಲ್ಲ. ಬೀಗ ತೆಗೆದು ಒಳಗೆ ಕಾಲಿಟ್ಟರೆ ಫ್ರಿಜ್ಜಿನ ಸದ್ದೊಂದೇ. ದಿಲ್ಶಾದಳನ್ನು ಅವನು ಮರೆತಿರಲಿಲ್ಲ, ಮರೆಯುವ ಆಸೆಯೂ ಇರಲಿಲ್ಲ. ಆದರೆ ಮನುಷ್ಯನ ಎದೆ ವಿಚಿತ್ರ, ಒಂದು ಕೊರಗು ತುಂಬಿದ್ದರೂ ಇನ್ನೊಂದು ಹಂಬಲಕ್ಕೆ ಜಾಗ ಮಾಡಿಕೊಡುತ್ತದೆ. ತರನ್ನುಮ್ ಮೇಡಂ ನೀಲಕ್ಕನ ಸ್ಟೂಲಿನ ಮೇಲೆ ಕೂತು, ಮಕ್ಕಳ ಪ್ರಬಂಧ ತಿದ್ದುತ್ತ, ಅದರಲ್ಲಿ ಬಂದ ತಮಾಷೆಯ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರೆ ಜಮೀರ್ ಸ್ಪ್ಯಾನರ್ ತಿರುಗಿಸುವುದನ್ನೂ ಮರೆಯುತ್ತಿದ್ದ. ಆ ದನಿ ತನ್ನ ಮನೆಯಲ್ಲಿ, ಅಡುಗೆಮನೆಯ ಕಡೆಯಿಂದ, ಕೇಳಿಸಿದರೆ ಹೇಗಿರುತ್ತದೆ ಎಂದು ಯೋಚಿಸಿ ತನಗೆ ತಾನೇ ನಾಚಿಕೊಳ್ಳುತ್ತಿದ್ದ.

ನಾಚಿಕೆಯ ಜೊತೆಗೆ ಒಂದು ಮುಳ್ಳೂ ಇತ್ತು. ಕಾರು ಮೇಡಂ ಅವರ ಗಂಡನದು. ಆತ ತೀರಿಕೊಂಡು ವರ್ಷಗಳಾಗಿದ್ದವು. "ಅವ್ರು ಇಷ್ಟಪಟ್ಟು ತಗೊಂಡಿದ್ದು. ಮಾರೋಕೆ ಮನಸ್ಸೇ ಬರಲ್ಲ" ಎಂದು ಆಕೆ ಒಮ್ಮೆ ಹೇಳಿದ್ದರು. ಅಂದಿನಿಂದ ಜಮೀರನಿಗೆ ತಾನು ಆ ಗಾಡಿಯ ಕೆಳಗೆ ಮಲಗಿ ಇನ್ನೊಬ್ಬನ ನೆನಪನ್ನು ರಿಪೇರಿ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪ ಎಂದು ಗೊತ್ತಿದ್ದೂ ಪಡುತ್ತಿದ್ದ.

ಹೀಗಿರುವಾಗ ಒಂದು ಶನಿವಾರ ಮೇಡಂ ರಟ್ಟು ತಂದರು, ಆದರೆ ಫೇಲ್ ಅನ್ನಲಿಲ್ಲ. ನಗಲೂ ಇಲ್ಲ.

"ಮುಜಫ್ಫರ್ ಭಾಯ್ ಬೇಜಾರಾಗ್ಬಿಟ್ಟಿದ್ದಾರೆ" ಅಂದರು. ಮುಜಫ್ಫರ್ ಆಕೆಯ ಅಣ್ಣ. ಆಕೆ ಇದ್ದದ್ದು ಅವರ ಮನೆಯ ಕೆಳಗಿನ ಭಾಗದಲ್ಲಿ. "ಗೇಟಿನ ಮುಂದೆ ಹೊಸ ಟೈಲ್ಸ್ ಹಾಕ್ಸಿದ್ದಾರೆ, ಅದರ ತುಂಬಾ ಎಣ್ಣೆ. ನಾಳೆ ಬಿಟ್ಟು ಮುಂದಿನ ಭಾನುವಾರ ಗುಜರಿಯವ್ರಿಗೆ ಬರೋಕೆ ಹೇಳಿದ್ದಾರೆ. ಇದೊಂದ್ಸಲ ಆಗ್ಲಿಲ್ಲ ಅಂದ್ರೆ ನಾನು ಸ್ಕೂಲ್ ವ್ಯಾನಲ್ಲೇ ಓಡಾಡ್ಬೇಕು."

ಸ್ಕೂಲ್ ವ್ಯಾನು ಹೈವೇ ಮೇಲೆ ಹಾದುಹೋಗುತ್ತದೆ. ಕೊಡಿಗೇಹಳ್ಳಿಯ ಒಳಗೆ ಬರುವುದಿಲ್ಲ.

ಜಮೀರನ ಗತಿ ನೋಡಿ ಈಗ. ಗಾಡಿ ಸರಿಹೋಗದಿದ್ದರೆ ಗುಜರಿಗೆ ಹೋಗುತ್ತದೆ, ಮೇಡಂ ಬರುವುದಿಲ್ಲ. ಸರಿಹೋದರೆ ಸೋರುವುದಿಲ್ಲ, ಆಗಲೂ ಮೇಡಂ ಬರುವುದಿಲ್ಲ. ಯಾವ ಕಡೆಯಿಂದ ನೋಡಿದರೂ ಅವನ ಶನಿವಾರಕ್ಕೆ ಕಲ್ಲು ಬಿದ್ದಂತೆಯೇ. ಆದರೂ ಸರಿ ಮಾಡಬೇಕು ಎಂದು ತೀರ್ಮಾನಿಸಲು ಅವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಎಣ್ಣೆ ಖಾಲಿಯಾಗಿ ಗೇರ್‌ಬಾಕ್ಸ್ ಎಂದಾದರೂ ಹೈವೇ ನಡುವೆ ಕಚ್ಚಿಕೊಂಡರೆ ಒಂಟಿ ಹೆಂಗಸು ಏನು ಮಾಡಬೇಕು? ತನ್ನ ಶನಿವಾರ ಹಾಳಾಗಲಿ, ಆಕೆ ನೆಟ್ಟಗೆ ಮನೆ ಸೇರಿದರೆ ಸಾಕು.

ಅಂದು ಅವನು ಬೇರೆ ಗಾಡಿಗಳನ್ನೆಲ್ಲ ಪಕ್ಕಕ್ಕಿಟ್ಟ. ಎರಡೂ ಕಡೆ ಹೊಸ ಸೀಲು ಹಾಕಿ, ಎಣ್ಣೆ ತುಂಬಿಸಿ, "ಗಾಡಿ ಬಿಸಿ ಮಾಡ್ಕೊಂಡ್ ಬಂದು ನೋಡ್ತೀನಿ ಮೇಡಂ" ಅಂದ.

"ನಾನೂ ಬರ್ತೀನಿ" ಎಂದು ಆಕೆ ಎಡಗಡೆಯ ಬಾಗಿಲು ತೆಗೆದು ಕೂತರು.

ಯಲಹಂಕದ ಕಡೆಗೆ ಗಾಡಿ ಓಡಿಸುವಾಗ ಜಮೀರ್ ಕತ್ತು ಆಚೀಚೆ ಮಾಡಲಿಲ್ಲ. ಎಷ್ಟು ಹತ್ತಿರ ಕೂತಿದ್ದರೆಂದರೆ ಗೇರ್ ಬದಲಾಯಿಸುವಾಗ ಆಕೆಯ ದುಪಟ್ಟಾದ ಅಂಚು ಕೈಗೆ ತಾಗುತ್ತಿತ್ತು. ಮೇಲೆ ವಾಯುಪಡೆಯ ವಿಮಾನವೊಂದು ಕಿವಿ ಹರಿಯುವಂತೆ ಹಾದುಹೋಯಿತು. ಸದ್ದು ಅಡಗಿದ ಮೇಲೆ ಮೇಡಂ ಮೆಲ್ಲಗೆ, "ಈ ಸೀಟಲ್ಲಿ ಕೂತು ಎಷ್ಟೋ ವರ್ಷ ಆಗಿತ್ತು" ಅಂದರು.

ಗಂಡ ನೆನಪಾಗಿರಬೇಕು ಎಂದುಕೊಂಡ ಜಮೀರ್. ಈ ರಸ್ತೆ ಮುಗಿಯದೆ ಹೀಗೇ ದೇವನಹಳ್ಳಿ, ಅಲ್ಲಿಂದಾಚೆ, ಎಲ್ಲಿಗಾದರೂ ಹೋಗುತ್ತಿರಲಿ ಅನ್ನಿಸಿತು. ಆದರೆ ಯೂಟರ್ನ್ ಬಂತು, ತಿರುಗಿಸಿದ.

ಗ್ಯಾರೇಜಿಗೆ ಬಂದು ಕೆಳಗೆ ನುಸುಳಿ, ಎಣ್ಣೆ ಮಟ್ಟ ನೋಡೋಣವೆಂದು ಗೇರ್‌ಬಾಕ್ಸಿನ ಬೋಲ್ಟ್ ಸಡಿಲಿಸಿದ. ಭುಸ್ಸೆಂದು ಗಾಳಿ ಹೊರಬಂತು. ಕುಕ್ಕರಿನ ಆವಿಯಂತೆ, ಅಷ್ಟು ಜೋರಾಗಿ. ಜಮೀರ್ ಬೆಚ್ಚಿದ. ಗೇರ್‌ಬಾಕ್ಸಿನೊಳಗೆ ಗಾಳಿ ಕಟ್ಟಿಕೊಳ್ಳಬಾರದು. ಬಿಸಿಯಾದಾಗ ಒಳಗಿನ ಗಾಳಿ ಹೊರಹೋಗಲೆಂದೇ ನೆತ್ತಿಯ ಮೇಲೊಂದು ಸಣ್ಣ ಕೊಳವೆ ಇರುತ್ತದೆ. ಅದು ಮುಚ್ಚಿದ್ದರೆ ಗಾಳಿ ಎಣ್ಣೆಯನ್ನು ನೂಕುತ್ತದೆ, ಎಣ್ಣೆ ಸೀಲನ್ನು ನೂಕುತ್ತದೆ, ಎಂಥ ಸೀಲಾದರೂ ಬಾಯಿ ಬಿಡಲೇಬೇಕು. ಎದ್ದು, ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಕೊಳವೆಯನ್ನು ಹುಡುಕಿದ. ಅದರ ಬಾಯಿಗೆ ರಬ್ಬರ್ ಬಿರಡೆ ಬಿಗಿದಿತ್ತು, ಮೇಲೆ ಸಣ್ಣ ತಂತಿ ಸುತ್ತಿತ್ತು. ತಂತಿಯನ್ನು ಹಾಗೆ ಸುತ್ತುವವನು ಆ ಬೀದಿಯಲ್ಲಿ ಒಬ್ಬನೇ. ಜಮೀರನೇ.

ನೆನಪಾಯಿತು. ಹಿಂದಿನ ಮಳೆಗಾಲದಲ್ಲಿ ಯಲಹಂಕದ ಹತ್ತಿರ ರಸ್ತೆಯೇ ಕೆರೆಯಾಗಿದ್ದಾಗ ಮೇಡಂ ಗಾಡಿ ನಡುನೀರಿನಲ್ಲಿ ನಿಂತುಹೋಗಿತ್ತು. ಫೋನ್ ಬಂದ ಕೂಡಲೇ ಹಗ್ಗ ತಗೊಂಡು ಓಡಿದ್ದ. ಆಕೆ ಮೊಣಕಾಲುದ್ದ ನೀರಿನಲ್ಲಿ, ನೆನೆದು ತೊಪ್ಪೆಯಾಗಿ, ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದರು. ತುಟಿ ಅದುರುತ್ತಿತ್ತು. "ಇನ್ನೊಂದ್ಸಲ ಹೀಗಾದ್ರೆ ನನ್ ಕೈಲಾಗಲ್ಲ" ಅಂದಿದ್ದರು. ಆ ಕೊಳವೆಯಿಂದಲೇ ನೀರು ಒಳಗೆ ಹೋಗಿ ಗೇರ್ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನು ಬಸಿದು, ಹೊಸದು ಹಾಕಿ, ಇನ್ನು ಒಂದು ಹನಿ ನೀರೂ ಈ ಗಾಡಿಯೊಳಗೆ ಹೋಗಕೂಡದು ಎಂದು ಕೊಳವೆಯ ಬಾಯಿಗೆ ಬಿರಡೆ ಜಡಿದಿದ್ದ. ಮೂವತ್ತು ವರ್ಷ ಗಾಡಿ ಬಿಚ್ಚಿದವನು ಮಾಡುವ ಕೆಲಸವೇ ಅದು? ಬೇರೆ ಯಾರ ಗಾಡಿಯಾದರೂ ಮಾಡುತ್ತಿರಲಿಲ್ಲ. ಆಕೆಯ ಅದುರುವ ತುಟಿ ನೋಡಿದ ಮೇಲೆ ಅವನ ತಲೆ ತಲೆಯಾಗಿ ಉಳಿದಿರಲಿಲ್ಲ. ಬಿರಡೆ ಹಾಕಿದ್ದನ್ನೇ ಮರೆತು ಇಷ್ಟು ತಿಂಗಳೂ ಸೀಲನ್ನು ಬೈದಿದ್ದ.

ತಂತಿ ಬಿಚ್ಚಿ ಬಿರಡೆ ಕಿತ್ತ. ಅದನ್ನು ಅಂಗೈಯಲ್ಲಿಟ್ಟುಕೊಂಡು ಮೇಡಂ ಮುಂದೆ ನಿಂತ.

"ಸಿಕ್ತು ಮೇಡಂ. ತಪ್ಪು ನಂದೇ. ಆವತ್ತು ಮಳೆಲಿ ಗಾಡಿ ನಿಂತಿತ್ತಲ್ಲ, ಆಮೇಲೆ ನೀರ್ ಹೋಗ್ದೇ ಇರ್ಲಿ ಅಂತ ನಾನೇ ಇದನ್ನ ಹಾಕಿದ್ದೆ. ಅದಕ್ಕೇ ಸೋರ್ತಿತ್ತು. ಇನ್ಮೇಲೆ ಸೋರಲ್ಲ."

ಮೇಡಂ ಬಿರಡೆಯನ್ನು ನೋಡಿದರು. ಆಮೇಲೆ ಅವನ ಮುಖವನ್ನು ನೋಡಿದರು.

"ಎಲ್ಲಾ ಗಾಡಿಗೂ ಹೀಗೆ ಹಾಕ್ತೀರಾ?"

ಅಯ್ಯೋ, ಇದಕ್ಕಿಂತ ಸಲೀಸಾಗಿ ಯಾರಾದರೂ ಬಾಗಿಲು ತೆರೆದುಕೊಡುತ್ತಾರೆಯೇ? ಇಲ್ಲ ಅಂದಿದ್ದರೆ ಸಾಕಿತ್ತು. ಒಂದು ಮಾತು. ಆದರೆ ಜಮೀರನ ಕಣ್ಣಿಗೆ ಆಕೆಯ ಹಿಂದೆ ನಿಂತಿದ್ದ ಬಿಳಿ ಕಾರು ಕಂಡಿತು, ಕಾರಿನ ಜೊತೆಗೆ ಅದನ್ನು ಇಷ್ಟಪಟ್ಟು ಕೊಂಡ ಮನುಷ್ಯನೂ ಕಂಡ.

"ಹೂಂ" ಅಂದ. "ಮಳೆಗಾಲದಲ್ಲಿ ಸುಮಾರು ಗಾಡಿಗೆ ಹಾಕ್ತೀನಿ."

"ಓಹ್" ಅಂದರು ಮೇಡಂ. ಪ್ರಬಂಧದ ಹಾಳೆಗಳನ್ನು ಜೋಡಿಸಿ ಬ್ಯಾಗಿಗೆ ತುರುಕಿದರು. ಅವನು ಕೊಟ್ಟ ಹೊಸ ರಟ್ಟನ್ನು ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ಗಾಡಿ ಹತ್ತಿ ಹೋದರು. ನಿಂತಲ್ಲಿ ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ.

ನೀಲಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಯಾವ ಗಾಡಿಗೆ ಹಾಕೀಯೋ ಮಾರಾಯಾ? ಒಂದ ಗಾಡಿ ತೋರಸು ನೋಡೋಣು. ನಿನ್ನ ಬಾಯಾಗ ಏನ ಮಣ್ಣ ಬಿದ್ದಿತ್ತ?"

ಜಮೀರ್ ಬಿರಡೆಯನ್ನು ಜೇಬಿಗಿಳಿಸಿ ಬೇರೆ ಗಾಡಿಯ ಕೆಳಗೆ ನುಸುಳಿದ.

ಗುಜರಿಯವರು ಬಂದು ಹೋಗುವ ಭಾನುವಾರ ಕಳೆಯಿತು. ಗಾಡಿ ಉಳಿಯಿತು ಎಂದು ಜಮೀರನಿಗೆ ತಿಳಿದದ್ದು ಹೇಗೆಂದರೆ, ಬೆಳಿಗ್ಗೆ ಸ್ಕೂಲಿನ ಹೊತ್ತಿಗೆ ಸರ್ವಿಸ್ ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡು ಅವನು ಕಾಯುತ್ತಿದ್ದ. ಬಿಳಿ ಕಾರು ಬರ್ರೆಂದು ಹೋಗುತ್ತಿತ್ತು. ಕೈ ಎತ್ತಬೇಕೆನ್ನಿಸುತ್ತಿತ್ತು, ಎತ್ತುತ್ತಿರಲಿಲ್ಲ. ಶನಿವಾರಗಳು ಬಂದವು. ಅಭ್ಯಾಸಬಲದಿಂದ ಗಡ್ಡ ತೀಡಿಕೊಂಡ, ಉಗುರು ಉಜ್ಜಿಕೊಂಡ, ಸ್ಟೂಲನ್ನು ಬಟ್ಟೆಯಿಂದ ಒರೆಸಿಟ್ಟ. ಸ್ಟೂಲಿನ ಮೇಲೆ ಯಾರಾದರೂ ಗಿರಾಕಿ ಕೂತರೆ ಸಿಟ್ಟು ಬರುತ್ತಿತ್ತು. ಶುಕ್ರವಾರದ ನಮಾಜಿನಲ್ಲಿ ಕೈಯೆತ್ತಿ ಬೇಡಿಕೊಳ್ಳುವಾಗ ಒಂದು ಸಲ ಆ ಸೀಲು ಸೋರಲಿ ಎಂದು ಬಾಯಿಗೆ ಬಂದುಬಿಟ್ಟಿತು. ತಕ್ಷಣ ತಪ್ಪಾಯಿತೆಂದು ತೌಬಾ ಹೇಳಿ ಕೆನ್ನೆಗೆ ಬಡಿದುಕೊಂಡ. ತಾನು ಕೈಯಾರೆ ಮಾಡಿದ ರಿಪೇರಿ ಕೆಟ್ಟುಹೋಗಲಿ ಎಂದು ದೇವರಲ್ಲಿ ಬೇಡಿದ ಮೆಕ್ಯಾನಿಕ್ಕು ಬೆಂಗಳೂರಿನಲ್ಲಿ ಬೇರೊಬ್ಬ ಇರಲಾರ. ಮನೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ. ಆಕೆ ಬೇಕಿತ್ತು ಅವನಿಗೆ. ಅಷ್ಟೇ, ಅದಕ್ಕೆ ಬೇರೆ ಮಾತಿಲ್ಲ.

ಮಳೆ ಹಿಡಿಯುವ ಮುಂಚಿನ ಒಂದು ಶನಿವಾರ ಮಧ್ಯಾಹ್ನ ಬಿಳಿ ಕಾರು ಗ್ಯಾರೇಜಿನ ಮುಂದೆ ಬಂದು ನಿಂತಿತು. ಮೇಡಂ ಇಳಿದರು. ಕೈಯಲ್ಲಿ ರಟ್ಟು. ಜಮೀರನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು.

"ಮತ್ತೆ ಸೋರ್ತಿದೆ" ಅಂದರು ಆಕೆ, ರಸ್ತೆಯ ಕಡೆ ನೋಡುತ್ತ.

ರಟ್ಟಿನ ನಡುವೆ ಅಂಗೈಯಗಲದ ಕಲೆ. ಜಮೀರ್ ಅದನ್ನು ಮೂಗಿನ ಹತ್ತಿರ ಹಿಡಿದ. ಗೇರ್ ಎಣ್ಣೆಯ ಗಬ್ಬುನಾತ ಒಮ್ಮೆ ಮೂಗಿಗೆ ಹೊಕ್ಕರೆ ಊಟಕ್ಕೆ ಕೂತಾಗಲೂ ಬಿಡುವುದಿಲ್ಲ. ಈ ರಟ್ಟು ನಾರುತ್ತಿರಲಿಲ್ಲ. ಘಮಘಮ ಅನ್ನುತ್ತಿತ್ತು. ಕಡಲೆಕಾಯಿ ಎಣ್ಣೆ. ಅದೂ ಒಗ್ಗರಣೆ ಹಾಕಿ ಮಿಕ್ಕಿದ್ದು. ಕಲೆಯ ಅಂಚಿನಲ್ಲಿ ಒಂದು ಸಾಸಿವೆ ಕಾಳು ಬೇರೆ ಅಂಟಿಕೊಂಡಿತ್ತು.

ಜಮೀರ್ ಆ ಸಾಸಿವೆ ಕಾಳನ್ನು ಸ್ವಲ್ಪ ಹೊತ್ತು ನೋಡಿದ. ಮಕ್ಕಳು ಒಂದು ಸಣ್ಣ ಸುಳ್ಳು ಹೇಳಿದರೂ ನಿಲ್ಲಿಸಿ ಬುದ್ಧಿ ಹೇಳುವ ಟೀಚರು, ಅಡುಗೆಮನೆಯಲ್ಲಿ ಒಬ್ಬರೇ ನಿಂತು ರಟ್ಟಿನ ಮೇಲೆ ಎಣ್ಣೆ ಸುರಿದಿದ್ದಾರೆ. ಅವನಿಗೆ ಅಳು ಬಂತು. ಮುಖ ತೋರಿಸಲಾಗದೆ, "ನೋಡ್ತೀನಿ ಮೇಡಂ" ಎಂದು ಗಡಬಡಿಸಿ ಗಾಡಿಯ ಕೆಳಗೆ ನುಸುಳಿದ.

ಸೀಲುಗಳು ಎರಡೂ ಒಣಗಿ ನಿಂತಿದ್ದವು. ಬೆರಳಿಂದ ಸವರಿದ, ಧೂಳು ಬಿಟ್ಟು ಏನೂ ಹತ್ತಲಿಲ್ಲ. ಅಲ್ಲಿಂದ ಅವನಿಗೆ ಆಕೆಯ ಚಪ್ಪಲಿ ಮತ್ತು ಸಲ್ವಾರಿನ ಅಂಚು ಮಾತ್ರ ಕಾಣುತ್ತಿತ್ತು.

"ಎಡಗಡೆನಾ, ಬಲಗಡೆನಾ?" ಮೇಲಿನಿಂದ ದನಿ ಬಂತು.

ಎಡಗಡೆ ಅಂದಿದ್ದರೆ ಇನ್ನೊಂದು ಶನಿವಾರ ಸಿಗುತ್ತಿತ್ತು. ಅದರ ಮೇಲೆ ಮತ್ತೊಂದು. ರಟ್ಟು ಬರುತ್ತಿತ್ತು, ನಗು ಬರುತ್ತಿತ್ತು, ಇಬ್ಬರೂ ಹೀಗೆ ಎಣ್ಣೆಯ ನೆಪ ಹೇಳಿಕೊಂಡು ಮುದುಕರಾಗಬಹುದಿತ್ತು. ಜಮೀರನಿಗೆ ಅದು ಸಾಕೆನ್ನಿಸಲಿಲ್ಲ.

"ಎರಡೂ ಒಣಗಿದೆ ಮೇಡಂ. ರಟ್ಟಲ್ಲಿರೋದು ಅಡಿಗೆ ಎಣ್ಣೆ."

ಚಪ್ಪಲಿಗಳು ಅಲುಗಲಿಲ್ಲ.

"ಆವತ್ತು ನಾನ್ ನಿಮಗೆ ಸುಳ್ಳು ಹೇಳ್ದೆ" ಅಂದ ಜಮೀರ್, ಗೇರ್‌ಬಾಕ್ಸನ್ನು ನೋಡುತ್ತ. "ಯಾವ ಗಾಡಿಗೂ ಬಿರಡೆ ಹಾಕಲ್ಲ. ನಿಮ್ದೊಂದಕ್ಕೇ ಹಾಕಿದ್ದು. ನೀವು ನೀರಲ್ಲಿ ಒಬ್ರೇ ನಿಂತಿದ್ದು ನೋಡಿ ನನಗೆ ತಡ್ಕೊಳ್ಳೋಕಾಗ್ಲಿಲ್ಲ. ಈಗ್ಲೂ ಆಗಲ್ಲ. ನೀವು ಬರ್ದೇ ಇದ್ರೆ ನನಗೆ ದಿನ ಹೋಗಲ್ಲ ಮೇಡಂ. ಈ ಗಾಡೀನ ನೀವು ಅವ್ರಿಗೋಸ್ಕರ ಇಟ್ಕೊಂಡಿದ್ದೀರ ಅಂತ ಗೊತ್ತು. ಗೊತ್ತಿದ್ದೂ ಹೇಳ್ತಿದ್ದೀನಿ."

ನೀಲಕ್ಕನ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು.

"ಮೊದ್ಲು ಅವ್ರಿಗೋಸ್ಕರಾನೇ ಇಟ್ಕೊಂಡಿದ್ದೆ" ಅಂದರು ತರನ್ನುಮ್. ದನಿ ಒಡೆದಿತ್ತು. "ಆಮೇಲಾಮೇಲೆ ಶನಿವಾರಕ್ಕೋಸ್ಕರ ಇಟ್ಕೊಂಡೆ. ನಮ್ ಸ್ಕೂಲ್ ಗೇಟಿನ ಎದುರಿಗೇ ಒಂದು ಗ್ಯಾರೇಜಿದೆ. ಅದನ್ನ ದಾಟ್ಕೊಂಡು ಇಲ್ಲೀವರೆಗೂ ಯಾಕೆ ಬರ್ತೀನಿ ಅಂತ ಒಂದಿನಾನೂ ನಿಮಗೆ ಅನ್ನಿಸ್ಲಿಲ್ವಾ?"

ಜಮೀರ್ ಕಣ್ಣೊರೆಸಿಕೊಂಡ. ಕೈಯ ಮಸಿಯೆಲ್ಲ ಮುಖಕ್ಕಾಯಿತು.

"ಮಾತಾಡಿ. ಇಲ್ಲಾ ಹೊರಗೆ ಬನ್ನಿ" ಅಂದರು ಆಕೆ. "ಇಂಥ ಮಾತನ್ನ ಯಾರಾದ್ರೂ ಗಾಡಿ ಕೆಳಗೆ ಮಲ್ಕೊಂಡು ಹೇಳ್ತಾರಾ?"

ಅವನು ಹಾಗೇ, ಮಸಿ ಮುಖದಲ್ಲೇ, ಹೊರಗೆ ಬಂದ.